ಗೋಡೆ ಗುಂಯ್ಗುಡುತ್ತಿದೆಯೇ? ಸದ್ದು ಬಂದ ದಾರಿ ಹಿಡಿದು ದೋಷ ಹುಡುಕುವ ಬಗೆ

ದಾವಣಗೆರೆಯಲ್ಲಿ ಮೋಟಾರು ರಿಪೇರಿ ಮಾಡುವವನಿಗೆ ಬರುವ ದೂರುಗಳಲ್ಲಿ ಎರಡು ಜಾತಿ. ನೀರು ಬರುತ್ತಿಲ್ಲ ಎನ್ನುವುದು ಒಂದು, ಅದು ಸುಲಭ. ಸದ್ದು ಬರುತ್ತಿದೆ ಎನ್ನುವುದು ಇನ್ನೊಂದು, ಅದು ತಲೆನೋವು. ನೀರು ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಪೈಪಿನ ಒಂದೊಂದು ಜೋಡಣೆ (ಯೂನಿಯನ್) ಬಿಚ್ಚುತ್ತಾ ಕಣ್ಣಾರೆ ನೋಡಬಹುದು. ಸದ್ದು ಎಲ್ಲಿಂದ ಹೊರಟಿದೆ ಎಂಬುದನ್ನು ಕಿವಿಯೇ ಹೇಳುತ್ತದೆ ಎಂದು ನಂಬಿ ಹೊರಟರೆ ಕೆಟ್ಟೆವು. ಕೊನೆಗೆ ಅದು ಎಲ್ಲಿ ಗಾಳಿಗೆ ಇಳಿಯಿತೋ ಆ ಜಾಗವನ್ನಷ್ಟೇ ಕಿವಿ ತೋರಿಸುತ್ತದೆ. ಅದಕ್ಕೂ ಮೊದಲು ಕಬ್ಬಿಣದೊಳಗೆ ಎಷ್ಟು ನಡೆಯಿತು, ನೀರಿನೊಳಗೆ ಎಷ್ಟು ಈಜಿತು ಎಂಬುದು ಕಿವಿಗೆ ತಿಳಿಯುವುದಿಲ್ಲ.

ಕಳೆದ ಬೇಸಿಗೆಯಲ್ಲಿ ವಿದ್ಯಾನಗರದ ಕಡೆಯ ಒಂದು ಮನೆಗೆ ಕರೆದಿದ್ದರು. ನಲ್ಲಿ ನೀರು ಬಿಡುವ ದಿನ ರಾತ್ರಿ ಸಂಪು ತುಂಬುತ್ತದೆ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಲು ಮೋಟಾರು ಹಾಕುತ್ತಾರೆ. ಮೋಟಾರು ಇರುವುದು ಹಿತ್ತಿಲಿನಲ್ಲಿ. ಸದ್ದು ಕೇಳುವುದು ಮನೆಯ ಮುಂಭಾಗದ ಅಜ್ಜಿಯ ಕೋಣೆಯಲ್ಲಿ. ನಡುವೆ ಅಡುಗೆಮನೆ, ಪಡಸಾಲೆ, ಎರಡು ಬಾಗಿಲು. ಅಜ್ಜಿ ಹೇಳುವುದು ಒಂದೇ ಮಾತು: "ಗೋಡೆಯೊಳಗೆ ದುಂಬಿ ಕೂತಿದೆ." ಮಗ ಬಂದು ನಿಂತು ಕೇಳಿದರೆ ಏನೂ ಇಲ್ಲ. ಅಜ್ಜಿ ಎದ್ದು ಕುಳಿತರೆ ಕಡಿಮೆ, ಮಲಗಿದರೆ ಜೋರು. ಮನೆಯವರು ವಯಸ್ಸಿನ ಭ್ರಮೆ ಎಂದು ತೀರ್ಮಾನಿಸಿದ್ದರು. ಆದರೂ ತಾಯಿಯ ಸಮಾಧಾನಕ್ಕೆಂದು ಕಿಟಕಿಗೆ ಪಟ್ಟಿ ಅಂಟಿಸಿದ್ದರು, ಸೀಲಿಂಗ್ ಫ್ಯಾನ್ ಬದಲಿಸಿದ್ದರು, ಮೋಟಾರಿನ ಮೇಲೆ ಥರ್ಮಾಕೋಲ್ ಹಚ್ಚಿದ ಪ್ಲೈವುಡ್ ಪೆಟ್ಟಿಗೆ ಕವುಚಿದ್ದರು. ಗಾಳಿಯಾಡದೆ ಮೋಟಾರು ಕಾದದ್ದೊಂದೇ ಅದರ ಲಾಭ. ನಾನು ಹೋದ ಕೂಡಲೇ ಆ ಪೆಟ್ಟಿಗೆಯನ್ನು ಎತ್ತಿ ಬದಿಗಿಡಿಸಿದೆ. ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಆ ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ದಾರಿ, ಆಮೇಲೆ ಮೂಲ

ಸದ್ದೆಂದರೆ ಅದುರು. ತುಂಬಿದ ಬಸ್ಸಿನಲ್ಲಿ ಬ್ರೇಕ್ ಬಿದ್ದಾಗ ಹಿಂದಿನವರು ಮುಂದಿನವರ ಮೇಲೆ ವಾಲಿ ಮತ್ತೆ ನೆಟ್ಟಗಾಗುತ್ತಾರೆ. ಯಾರೂ ಜಾಗ ಬಿಟ್ಟಿರುವುದಿಲ್ಲ, ತಳ್ಳು ಮಾತ್ರ ಚಾಲಕನವರೆಗೆ ಹೋಗಿರುತ್ತದೆ. ಕಣಗಳ ಕಥೆಯೂ ಇದೇ. ತಳ್ಳಲು ಯಾರೂ ಇಲ್ಲದ ನಿರ್ವಾತದಲ್ಲಿ ಸದ್ದೂ ಇಲ್ಲ. ಗಾಳಿಯಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸದ್ದಿನ ವೇಗ ಸೆಕೆಂಡಿಗೆ 331 ಮೀಟರ್. ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ಅದು 355ರ ಹತ್ತಿರ. ನೀರಿನಲ್ಲಿ ಸುಮಾರು 1,500. ಉಕ್ಕಿನಲ್ಲಿ 5,000 ದಾಟುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಶಾಲೆಯಿಂದಲೇ ಅಂಟಿಕೊಂಡು ಬಂದಿರುತ್ತದೆ: ವಸ್ತು ಭಾರವಾದಷ್ಟೂ ಸದ್ದು ಬೇಗ ಹೋಗುತ್ತದೆ ಎಂದು. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಅದರಲ್ಲಿ ಸದ್ದು ಸೆಕೆಂಡಿಗೆ 1,450 ಮೀಟರ್, ನೀರಿಗಿಂತಲೂ ತುಸು ಕಡಿಮೆ. ಭಾರ ಸದ್ದನ್ನು ಹಿಂದಕ್ಕೆ ಎಳೆಯುತ್ತದೆ, ಬಿಗಿತ ಮುಂದಕ್ಕೆ ನೂಕುತ್ತದೆ. ಉಕ್ಕು ಗೆಲ್ಲುವುದು ಭಾರದಿಂದಲ್ಲ. ಅದು ನೀರಿಗಿಂತ ಎಂಟು ಪಟ್ಟು ಭಾರವಿದ್ದರೂ ಅದರ ಬಿಗಿತ ಎಪ್ಪತ್ತು ಪಟ್ಟಿಗೂ ಹೆಚ್ಚು. ರಬ್ಬರಿನಲ್ಲಿ ಈ ಬಿಗಿತವೇ ಇಲ್ಲ. ರಿಪೇರಿಯವನ ಚೀಲದಲ್ಲಿ ರಬ್ಬರಿಗೆ ಜಾಗ ಸಿಕ್ಕಿರುವುದು ಅದೇ ಕಾರಣಕ್ಕೆ.

ಆದರೆ ದೋಷ ಹುಡುಕುವವನಿಗೆ ವೇಗಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಗಡಿ. ಗಾಳಿಯಿಂದ ನೀರಿಗೆ ಎದುರಾಗಿ ಹೊಡೆದ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಷ್ಟೇ ಒಳಗೆ ಹೋಗುತ್ತದೆ, ಉಳಿದದ್ದೆಲ್ಲ ವಾಪಸ್. ಗಾಳಿಯಿಂದ ಗೋಡೆಗೆ ಇನ್ನೂ ಕಷ್ಟ. ಅಂದರೆ ಹಿತ್ತಿಲಿನ ಮೋಟಾರು ಗಾಳಿಯಲ್ಲಿ ಎಷ್ಟೇ ಅರಚಿದರೂ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯೊಳಗೆ ನುಗ್ಗಿ ಅಜ್ಜಿಯ ದಿಂಬಿನವರೆಗೆ ಬರಲಾರದು. ಗೋಡೆಯೇ ಹಾಡುತ್ತಿದೆ ಎಂದಾದರೆ ಅದುರು ಗಾಳಿಯನ್ನು ಮುಟ್ಟದೆ, ಗಟ್ಟಿಯಿಂದ ಗಟ್ಟಿಗೆ ಬೋಲ್ಟು ಮೊಳೆಗಳ ಮೂಲಕ ನೇರವಾಗಿ ದಾಟಿದೆ ಎಂದರ್ಥ. ಆಗ ಕಿಟಕಿಗೆ ಪಟ್ಟಿ ಅಂಟಿಸುವುದು ಹಿಂಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಹಾಕಿದಂತೆ.

ಕಿವಿ ಮುಚ್ಚಿ ಕೇಳುವುದು

ಮೊದಲ ಪರೀಕ್ಷೆಗೆ ಉಪಕರಣ ಬೇಡ. ಸದ್ದು ಕೇಳುವ ಜಾಗದಲ್ಲೇ ನಿಂತು ಎರಡೂ ಕಿವಿಗಳಿಗೆ ಬೆರಳು ಒತ್ತಿ. ಸದ್ದು ನಿಂತಿತೇ? ಗಾಳಿಯಲ್ಲಿ ಬರುತ್ತಿದ್ದುದು ನಿಂತಿದೆ. ಈಗ ಬೆರಳು ತೆಗೆಯದೆ ಹಣೆಯನ್ನು ಗೋಡೆಗೆ ಒತ್ತಿ. ಮತ್ತೆ ಕೇಳಿದರೆ, ಅದೂ ಹೆಚ್ಚು ತುಂಬಿಕೊಂಡು ಕೇಳಿದರೆ, ಗೋಡೆಯ ಅದುರು ತಲೆಬುರುಡೆಯ ಮೂಲಕ ಒಳಗಿವಿಗೆ ಹೋಗುತ್ತಿದೆ. ಕಿವಿಯ ಡಾಕ್ಟರು ಮೀಟಿದ ಟ್ಯೂನಿಂಗ್ ಫೋರ್ಕಿನ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು, ಆಮೇಲೆ ಕಿವಿಯ ಮುಂದೆ ಹಿಡಿದು "ಎಲ್ಲಿ ಜೋರು?" ಎಂದು ಕೇಳುವುದು ಇದೇ ಎರಡು ದಾರಿಗಳನ್ನು ಬೇರ್ಪಡಿಸಲು.

ವಿದ್ಯಾನಗರದ ಮನೆಯಲ್ಲಿ ಮೋಟಾರು ಹಾಕಿಸಿ ಅಜ್ಜಿಯ ಮಂಚದ ತಲೆಭಾಗದ ಗೋಡೆಗೆ ಹಣೆ ಇಟ್ಟೆ. ಹಲ್ಲುಗಳವರೆಗೆ ಗುಂಯ್ ಎಂದಿತು. ಮಗನನ್ನು ಕರೆದು ಅವರ ಹಣೆಯನ್ನೂ ಇಡಿಸಿದೆ. ಅವರು ಮಾತಾಡಲಿಲ್ಲ. ಅಜ್ಜಿ ಮಾತಾಡಿದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಗಾಳಿಯ ದಾರಿ, ಮತ್ತು ಅದು ಹೇಳುವ ಸುಳ್ಳು

ಹಾಗಾದರೆ ಮಗನಿಗೆ ಇಷ್ಟು ದಿನ ಯಾಕೆ ಕೇಳಲಿಲ್ಲ? ಇದು ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ, ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಬಾರಿ ತಿರುಗುಮುರುಗಾಗುತ್ತದೆ. ಆ ಪ್ರತಿ ಸುತ್ತಿನಲ್ಲೂ ಮೋಟಾರಿನೊಳಗಿನ ಅಯಸ್ಕಾಂತ ಎರಡು ಸಲ ಕಬ್ಬಿಣದ ತಗಡುಗಳನ್ನು ಎಳೆಯುತ್ತದೆ, ಎರಡು ಸಲ ಬಿಡುತ್ತದೆ. ಹೀಗಾಗಿ ಮೋಟಾರು, ಟ್ರಾನ್ಸ್‌ಫಾರ್ಮರ್, ಹಳೆಯ ಟ್ಯೂಬ್‌ಲೈಟಿನ ಚೋಕ್ ಎಲ್ಲವೂ ಗುಂಯ್ಗುಡುವುದು ಸೆಕೆಂಡಿಗೆ 100 ಅದುರಿನ ಶ್ರುತಿಯಲ್ಲಿ. ಬೇಸಿಗೆಯ ರಾತ್ರಿಯ 30 ಡಿಗ್ರಿ ಗಾಳಿಯಲ್ಲಿ ಸದ್ದಿನ ವೇಗ 349 ಮೀಟರ್. ಅದನ್ನು 100ರಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್, ಅಂದರೆ ಹನ್ನೊಂದೂವರೆ ಅಡಿ. ಟೇಪು ಹಿಡಿದು ಅಜ್ಜಿಯ ಕೋಣೆ ಅಳೆದೆ. ತಲೆಗೋಡೆಯಿಂದ ಎದುರು ಗೋಡೆಗೆ ಹನ್ನೊಂದೂವರೆ ಅಡಿ, ಒಂದೆರಡು ಅಂಗುಲ ಅತ್ತ ಇತ್ತ.

ಒಂದು ಅಲೆ ಕರಾರುವಾಕ್ಕಾಗಿ ಕೂರುವ ಕೋಣೆಯಲ್ಲಿ ಹೋಗುವ ಅಲೆಗೂ ಗೋಡೆಗೆ ಬಡಿದು ಬರುವ ಅಲೆಗೂ ಗಂಟು ಬೀಳುತ್ತದೆ. ಗೋಡೆಗಳ ಪಕ್ಕದಲ್ಲಿ ಸದ್ದು ಜೋರು, ಕೋಣೆಯ ನಟ್ಟನಡುವೆ ಜೋರು. ಗೋಡೆಯಿಂದ ಕಾಲು ಭಾಗದಷ್ಟು ದೂರದಲ್ಲಿ, ಅಂದರೆ ಮೂರು ಅಡಿಗೆ ತುಸು ಕಡಿಮೆ ಇರುವಲ್ಲಿ, ಹೆಚ್ಚುಕಡಿಮೆ ಮೌನ. ಎದುರು ಗೋಡೆಯ ಕಡೆಯಿಂದಲೂ ಹಾಗೆಯೇ. ಅಜ್ಜಿಯ ದಿಂಬು ಗೋಡೆಗೆ ತಾಗಿತ್ತು. ಎದ್ದು ಕುಳಿತಾಗ ಅವರ ತಲೆ ಗೋಡೆಯಿಂದ ಒಂದೂವರೆ, ಎರಡು ಅಡಿ ಮುಂದಕ್ಕೆ ಬರುತ್ತಿತ್ತು, ಸದ್ದು ಇಳಿಯುತ್ತಿತ್ತು. ಮಗ ಬಂದು ಮಂಚದ ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಜಾಗ ಗೋಡೆಯಿಂದ ಸರಿಯಾಗಿ ಮೂರು ಅಡಿ. ಮೋಟಾರು ಓಡುತ್ತಿರುವಾಗ ಅವರನ್ನು ಗೋಡೆಯಿಂದ ಎದುರು ಗೋಡೆಯವರೆಗೆ ನಿಧಾನವಾಗಿ ನಡೆಸಿದೆ. ಜೋರು, ಇಲ್ಲ, ಜೋರು, ಇಲ್ಲ, ಜೋರು. ಎರಡನೆಯ ಸಲ ತಾವಾಗಿಯೇ ನಡೆದರು, ಮೂರನೆಯ ಸಲ ಹೆಂಡತಿಯನ್ನು ಕರೆತಂದು ನಡೆಸಿದರು.

ಆದ್ದರಿಂದ ಗುಂಯ್ಗುಡುವ ಸದ್ದು ಎಲ್ಲಿ ಜೋರಾಗಿದೆಯೋ ಅಲ್ಲೇ ಅದರ ಮೂಲವಿದೆ ಎಂದು ಗುರುತು ಹಾಕಬೇಡಿ. ತೆಳುವಾದ, ಚೀರುವ ಸದ್ದುಗಳಿಗೆ ಆ ಲೆಕ್ಕ ನಡೆಯುತ್ತದೆ. ದಪ್ಪ ಸದ್ದಿಗೆ ನಡೆಯುವುದಿಲ್ಲ.

ಗುಂಯ್ಗುಡುವುದು ಕರೆಂಟಿನದೋ ಬೇರಿಂಗಿನದೋ ಎಂದು ತಿಳಿಯಲು ಸ್ವಿಚ್ ಆರಿಸಿ ಕೇಳಿ. ಆರಿಸಿದ ಕ್ಷಣದಲ್ಲೇ ಕತ್ತರಿಸಿದಂತೆ ನಿಂತರೆ ಅಯಸ್ಕಾಂತದ ಸದ್ದು: ತಗಡುಗಳು ಸಡಿಲವಾಗಿರಬಹುದು, ಕಾಲಿನ ಬೋಲ್ಟು ಸಡಿಲಿರಬಹುದು. ಮೋಟಾರು ತಿರುಗಿ ನಿಲ್ಲುವ ಒಂದೆರಡು ಸೆಕೆಂಡು ಸದ್ದೂ ಶ್ರುತಿ ಇಳಿಸುತ್ತಾ ಬಂದು ನಿಂತರೆ ಬೇರಿಂಗು, ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಅಥವಾ ಫ್ಯಾನಿನ ಕಡೆ ನೋಡಿ. ಇನ್ನು ಸದ್ದು ಊಂ… ಊಂ… ಎಂದು ಉಬ್ಬಿ ತಗ್ಗುತ್ತಿದ್ದರೆ, ಒಂದಕ್ಕೊಂದು ತುಸು ವೇಗ ತಪ್ಪಿದ ಎರಡು ಮೋಟಾರು ಒಟ್ಟಿಗೆ ಓಡುತ್ತಿವೆ. ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ.

ಚಳಿಗಾಲದಲ್ಲಿ ಮಾತ್ರ ಕೇಳುವ ಸದ್ದಿಗೆ ಮನೆಯನ್ನು ಬಿಚ್ಚಬೇಡಿ. ಡಿಸೆಂಬರ್, ಜನವರಿಯ ರಾತ್ರಿ ನೆಲ ತಣ್ಣಗಾಗಿ ಅದರ ಪಕ್ಕದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿದಿರುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು, ಹಾಗಾಗಿ ಮೇಲಕ್ಕೆ ಹೊರಟ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಊರ ನಡುವಿನ ರೈಲು ನಿಲ್ದಾಣದ ಹಾರ್ನ್ ಬಡಾವಣೆಗಳ ಅಂಚಿಗೆ ಆ ದಿನಗಳಲ್ಲಿ ಕೈಗೆಟುಕುವಷ್ಟು ಹತ್ತಿರ ಕೇಳುವುದು ಇದರಿಂದ. ಹತ್ತಿ ಗಿರಣಿಗಳಿದ್ದ ಕಾಲದಲ್ಲಿ ಸೈರನ್ ಚಳಿಗಾಲದಲ್ಲಿ ಎಷ್ಟೋ ಹಳ್ಳಿ ದಾಟುತ್ತಿತ್ತು ಎಂದು ನನ್ನ ತಂದೆ ಹೇಳುತ್ತಿದ್ದರು. ಬಿಸಿಲಿನ ಮಧ್ಯಾಹ್ನ ಕಾದ ನೆಲ ಅದೇ ಸದ್ದನ್ನು ಆಕಾಶಕ್ಕೆ ಬಾಗಿಸಿಬಿಡುತ್ತದೆ.

ಗಟ್ಟಿಯ ದಾರಿ

ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ, ಮರದ ಹಿಡಿಯದಾದರೆ ಒಳ್ಳೆಯದು. ತುದಿಯನ್ನು ಪರೀಕ್ಷಿಸಬೇಕಾದ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್‌ಗೆ, ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಕೇಳುತ್ತದೆ ಎಂಬುದು ನೆನಪಾಗಿ, ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟರು. ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ನಮ್ಮ ಸ್ಕ್ರೂಡ್ರೈವರ್ ಅದರ ಬಡ ತಮ್ಮ. ಮೋಟಾರಿನ ಮೇಲೆ ಇದನ್ನು ಮಾಡುವಾಗ ಫ್ಯಾನಿನ ಜಾಲರಿ, ಶಾಫ್ಟು, ವೈರು ಕಟ್ಟಿದ ಪೆಟ್ಟಿಗೆ ಈ ಮೂರರ ಹತ್ತಿರ ತುದಿ ಹೋಗಕೂಡದು. ಒದ್ದೆ ಕಾಲಿನಲ್ಲಿ ನಿಂತು ಮಾಡಕೂಡದು. ಹೆಗಲ ಮೇಲಿನ ಟವೆಲ್ಲು, ಸೆರಗು ಮೊದಲು ತೆಗೆದಿಡಿ.

ಒಳ್ಳೆಯ ಬೇರಿಂಗು ಸುಯ್ ಎಂದು ಒಂದೇ ಸಮ ಹರಿಯುತ್ತದೆ. ಗ್ರೀಸ್ ಒಣಗಿದ್ದು ಕಿರ್ರ್ ಎನ್ನುತ್ತದೆ. ಗುಂಡು ಚಕ್ಕೆ ಎದ್ದಿದ್ದರೆ ಹುರಿಗಡಲೆ ಅಗಿದಂತೆ ಕಟಕಟ ಕೇಳುತ್ತದೆ. ಎರಡೂ ತುದಿಯ ಬೇರಿಂಗುಗಳನ್ನು ಹೋಲಿಸಿ ಕೇಳಿ. ಕಬ್ಬಿಣದ ಮೈಯಲ್ಲಿ ಸದ್ದು ಇಡೀ ಮೋಟಾರಿಗೆ ಹರಡುತ್ತದೆ, ಹೋಲಿಸದೆ ತೀರ್ಮಾನಿಸಿದರೆ ಒಳ್ಳೆಯ ಬೇರಿಂಗನ್ನು ಕಿತ್ತು ಕೆಟ್ಟದ್ದನ್ನು ಉಳಿಸುತ್ತೀರಿ. ನಾನು ಒಮ್ಮೆ ಹಾಗೆ ಮಾಡಿದ್ದೇನೆ, ಗಿರಾಕಿಗೆ ದುಡ್ಡು ವಾಪಸ್ ಕೊಟ್ಟಿದ್ದೇನೆ.

ಮೋಟಾರಿನಿಂದ ಹೊರಟು ಹೆಜ್ಜೆ ಹೆಜ್ಜೆಗೂ ಸ್ಕ್ರೂಡ್ರೈವರ್ ಇಡುತ್ತಾ ಬನ್ನಿ. ಮೋಟಾರಿನ ಕಾಲು, ಅದರ ಕಟ್ಟೆ, ಪೈಪು, ಪೈಪಿನ ಕ್ಲಾಂಪು, ಕ್ಲಾಂಪಿನ ಪಕ್ಕದ ಗೋಡೆ. ವಿದ್ಯಾನಗರದ ಮೋಟಾರು ರಬ್ಬರ್ ಪ್ಯಾಡಿನ ಮೇಲೆ ನೀಟಾಗಿ ಕೂತಿತ್ತು, ಕಟ್ಟೆಯಲ್ಲಿ ಸದ್ದಿರಲಿಲ್ಲ. ಪೈಪಿಗೆ ತುದಿ ಇಟ್ಟೊಡನೆ ಗುಂಯ್. ಅದು ಹಳೆಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು, ಹಿತ್ತಿಲಿನಿಂದ ಹೊರಟು ಹೊರಗೋಡೆಯ ಉದ್ದಕ್ಕೂ ಮನೆಯ ಮುಂಭಾಗಕ್ಕೆ ಬಂದು ಟ್ಯಾಂಕಿಗೆ ಏರುತ್ತದೆ. ಎಂಟು ಕಬ್ಬಿಣದ ಕ್ಲಾಂಪು. ಅವುಗಳಲ್ಲಿ ಎರಡು ಅಜ್ಜಿಯ ತಲೆಗೋಡೆಯ ಆಚೆ ಮಗ್ಗುಲಿಗೆ, ಉದ್ದನೆಯ ಬೋಲ್ಟಿನಲ್ಲಿ. ಮೋಟಾರಿನ ಕೆಳಗಿನ ರಬ್ಬರು ಹಿಡಿದಿಟ್ಟ ಅದುರನ್ನೆಲ್ಲ ಪೈಪು ಹೊತ್ತು ತಂದು ಗೋಡೆಗೆ ಒಪ್ಪಿಸುತ್ತಿತ್ತು. ಒಂದೇ ಒಂದು ಗಟ್ಟಿ ಸೇತುವೆ ಉಳಿದರೂ ಮಾಡಿದ ರಬ್ಬರಿನ ಕೆಲಸವೆಲ್ಲ ವ್ಯರ್ಥ.

ಕಬ್ಬಿಣದ ಕೊಳವೆ ಸದ್ದನ್ನು ಹೇಗೆ ಸಾಗಿಸುತ್ತದೆ ಎಂಬುದನ್ನು ಎರಡು ಶತಮಾನಗಳ ಹಿಂದೆ ಪ್ಯಾರಿಸ್ಸಿನ ನೀರಿನ ಕೊಳವೆಯಲ್ಲೇ ಬಿಯೋ ಎಂಬ ವಿಜ್ಞಾನಿ ನೋಡಿದ್ದರು. 951 ಮೀಟರ್ ಉದ್ದದ ಬೀಡು ಕಬ್ಬಿಣದ ಸಾಲು. ಒಂದು ತುದಿಗೆ ಹೊಡೆದರೆ ಇನ್ನೊಂದು ತುದಿಯಲ್ಲಿ ಎರಡು ಪೆಟ್ಟು ಕೇಳಿತು. ಮೊದಲನೆಯದು ಕಬ್ಬಿಣದಲ್ಲಿ ಬಂದದ್ದು, ಎರಡೂವರೆ ಸೆಕೆಂಡು ತಡವಾಗಿ ಬಂದದ್ದು ಕೊಳವೆಯೊಳಗಿನ ಗಾಳಿಯದು.

ಕ್ಲಾಂಪುಗಳಿಗೆ ಮದ್ದು ಸೈಕಲ್ ಟ್ಯೂಬು. ಟ್ಯೂಬನ್ನು ಸೀಳಿ, ಪಟ್ಟಿ ಮಾಡಿ, ಪೈಪಿನ ಸುತ್ತ ಎರಡು ಸುತ್ತು ಹಾಕಿ ಅದರ ಮೇಲೆ ಕ್ಲಾಂಪು ಹಾಕಬೇಕು. ಬೋಲ್ಟನ್ನು ಕೈಬಿಗಿಗಿಂತ ಸ್ವಲ್ಪ ಹೆಚ್ಚು ಬಿಗಿದರೆ ಸಾಕು. ಹಲ್ಲುಕಚ್ಚಿ ಬಿಗಿದರೆ ರಬ್ಬರು ಚಪ್ಪಟೆಯಾಗಿ ಕಬ್ಬಿಣದಂತೆಯೇ ವರ್ತಿಸುತ್ತದೆ. ಪೈಪು ಗೋಡೆ ತೂರಿ ಹೋಗುವಲ್ಲಿ ಸಿಮೆಂಟು ಮೆತ್ತಿದ್ದರೆ ಅದನ್ನೂ ಒಡೆದು ಸುತ್ತ ರಬ್ಬರು ತುರುಕಬೇಕು. ಈ ಕೊನೆಯದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ.

ಗಟ್ಟಿಯೊಳಗೆ ಗಾಳಿ ಸೇರಿಕೊಂಡಾಗಲೂ ಸದ್ದು ಬದಲಾಗುತ್ತದೆ. ಚಿತ್ರದುರ್ಗದ ಕಡೆ ಕಲ್ಲುಕುಟಿಗರು ಬಂಡೆಗೆ ಸುತ್ತಿಗೆ ಮುಟ್ಟಿಸಿ ಕೇಳುತ್ತಾರೆ. ಠಣ್ ಎಂದರೆ ಒಳಗೆ ಒಂದೇ ಕಲ್ಲು, ಮಂಕಾಗಿ ಸದ್ದು ಬಂದರೆ ಎಲ್ಲೋ ಸೀಳಿದೆ. ಕೂದಲೆಳೆಯ ಬಿರುಕಿನಲ್ಲಿ ಕೂತ ಗಾಳಿಯನ್ನು ದಾಟಲಾರದೆ ಸದ್ದು ಅಲ್ಲೇ ಹಿಂದಿರುಗುತ್ತದೆ. ಸಂತೆಯಲ್ಲಿ ಮಡಕೆಯನ್ನು ಗೆಣ್ಣಿನಿಂದ ಬಡಿದು ಕೊಳ್ಳುವವರೂ ಇದನ್ನೇ ಮಾಡುವುದು. ಮನೆಯಲ್ಲಿ ನೆಲದ ಟೈಲ್ಸ್ ಮೇಲೆ ನಾಣ್ಯ ಬಡಿಯುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಅಲ್ಲಿ ಗಾರೆ ಹಿಡಿದಿಲ್ಲ.

ನೀರಿನ ದಾರಿ

ಎಂಟೂ ಕ್ಲಾಂಪಿಗೆ ಟ್ಯೂಬು ಸುತ್ತಿದ ಮೇಲೆ ಅಜ್ಜಿಯ ಗೋಡೆಯ ದಪ್ಪ ಗುಂಯ್ ನಿಂತಿತು. ನಾನು ಚೀಲ ಕಟ್ಟುತ್ತಿದ್ದೆ. "ದುಂಬಿ ಹೋಯಿತು, ಸೊಳ್ಳೆ ಉಳಿದಿದೆ" ಎಂದರು ಅಜ್ಜಿ. ಹಣೆ ಇಟ್ಟು ನೋಡಿದರೆ ಹೌದು, ತೆಳುವಾದ ಇನ್ನೊಂದು ಸದ್ದು.

ಅದು ನೀರಿನಲ್ಲಿ ಬಂದದ್ದು. ಮೋಟಾರು ನಿಮಿಷಕ್ಕೆ ಸುಮಾರು 2,880 ಸುತ್ತು, ಸೆಕೆಂಡಿಗೆ 48. ಇಂಪೆಲ್ಲರಿಗೆ ಆರು ಎಲೆ. ಒಂದೊಂದು ಎಲೆ ಪಂಪಿನ ಬಾಯನ್ನು ದಾಟುವಾಗಲೂ ನೀರಿಗೆ ಒಂದು ಗುದ್ದು. ಸೆಕೆಂಡಿಗೆ 288 ಗುದ್ದು. ಪೈಪಿನ ಲೋಹವನ್ನು ಎಷ್ಟೇ ಸುತ್ತಿದರೂ ಒಳಗಿನ ನೀರಿನ ಕಂಬ ಆ ಗುದ್ದನ್ನು ಒಯ್ಯುತ್ತಲೇ ಇರುತ್ತದೆ, ದಾರಿಯುದ್ದಕ್ಕೂ ಪೈಪಿನ ಗೋಡೆಗೆ ಹಂಚುತ್ತಾ ಹೋಗುತ್ತದೆ. ಇದಕ್ಕೆ ಮದ್ದು ಪಂಪಿಗೂ ಪೈಪಿಗೂ ನಡುವೆ ಒಂದು ಮೊಳ ಉದ್ದದ, ಒತ್ತಡ ತಡೆಯುವ ದಪ್ಪ ರಬ್ಬರ್ ಹೋಸ್. ಹೋಸಿನ ಮೈ ಪ್ರತಿ ಗುದ್ದಿಗೂ ತುಸು ಹಿಗ್ಗಿ ಅದನ್ನು ನುಂಗುತ್ತದೆ. ಮರುದಿನ ಹಾಕಿದೆ, ಸೊಳ್ಳೆಯೂ ಹೋಯಿತು.

ನೀರಿನ ದಾರಿಯ ಇನ್ನೊಂದು ದೂರು ಢಬ್ ಎಂಬ ಒಂಟಿ ಪೆಟ್ಟು. ಮೋಟಾರು ನಿಂತಾಗ, ಅಥವಾ ಯಾರೋ ನಲ್ಲಿಯನ್ನು ಫಕ್ಕನೆ ಮುಚ್ಚಿದಾಗ, ಗೋಡೆಯೊಳಗೆ ಸುತ್ತಿಗೆ ಬಿದ್ದಂತೆ. ಓಡುತ್ತಿದ್ದ ನೀರಿಗೆ ನಿಲ್ಲಲು ವ್ಯವಧಾನ ಸಿಗದಿದ್ದರೆ ಅದರ ಓಟವೆಲ್ಲ ಒತ್ತಡವಾಗಿ ಸದ್ದಿನ ವೇಗದಲ್ಲೇ ಹಿಂದಕ್ಕೆ ಓಡುತ್ತದೆ. ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು ತಟ್ಟನೆ ನಿಂತರೆ ಏಳುವ ಪೆಟ್ಟು 13, 14 ಬಾರ್. ಅಂದರೆ ನೂರಮೂವತ್ತು ಮೀಟರ್ ಎತ್ತರದ ನೀರಿನ ಭಾರ ಒಂದು ಕ್ಷಣ ಪೈಪಿನ ತಿರುವಿನ ಮೇಲೆ ಕೂತಂತೆ. ಪಿವಿಸಿಯಲ್ಲಿ ಕೊಳವೆಯ ಗೋಡೆಯೇ ಹಿಗ್ಗುವುದರಿಂದ ಅಲೆಯ ವೇಗ 400ರಿಂದ 600 ಮೀಟರಿಗೆ ಇಳಿಯುತ್ತದೆ, ಪೆಟ್ಟೂ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮೋಟಾರು ಆರಿಸಿದಾಗಲೇ ಢಬ್ ಎಂದರೆ ನಾನ್‌ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಬರದಂತೆ ತಡೆಯುವುದು) ತಡವಾಗಿ ಮುಚ್ಚುತ್ತಿದೆ, ಸ್ಪ್ರಿಂಗ್ ಇರುವುದನ್ನು ಹಾಕಿ. ಟ್ಯಾಂಕು ತುಂಬುವ ಹೊತ್ತಿಗೆ ಟಕ್ ಟಕ್ ಟಕ್ ಎಂದು ಸಾಲಾಗಿ ಬಡಿದರೆ ಟ್ಯಾಂಕಿನ ಫ್ಲೋಟ್ ವಾಲ್ವ್ ಅಲೆಯ ಮೇಲೆ ಕುಣಿಯುತ್ತಿದೆ. ನಿಟುವಳ್ಳಿಯ ಒಂದು ಮನೆಯಲ್ಲಿ ಈ ಟಕ್ ಟಕ್‌ಗೆ ಶಾಂತಿ ಮಾಡಿಸಿದ್ದರು. ಫ್ಲೋಟಿಗೆ ಹೊಸ ವಾಷರ್ ಸಾಕಾಯಿತು. ಶಾಂತಿಯ ಊಟ ಚೆನ್ನಾಗಿತ್ತಂತೆ.

ನೀರಿನಲ್ಲಿ ಗಾಳಿ ಸೇರಿದಾಗ ಏನಾಗುತ್ತದೆ ಎಂಬುದನ್ನು ಕೈಯಾರೆ ಕಾಣಬೇಕಾದರೆ ಎತ್ತರದ ಸ್ಟೀಲ್ ಲೋಟದಲ್ಲಿ ನೀರು ತುಂಬಿ, ತಳಕ್ಕೆ ಚಮಚದಿಂದ ಬಡಿಯುತ್ತಿರಿ. ಅರ್ಧ ಪೊಟ್ಟಣ ಈನೋ ಹಾಕಿ ಮತ್ತೆ ಬಡಿಯಿರಿ. ಟಿಣ್ ಎನ್ನುತ್ತಿದ್ದುದು ಟೊಪ್ ಎಂದು ಪಾತಾಳಕ್ಕಿಳಿಯುತ್ತದೆ. ಗುಳ್ಳೆಗಳು ಹೊರಟಂತೆಲ್ಲ ಶ್ರುತಿ ಮೇಲೇರಿ ಮತ್ತೆ ಟಿಣ್‌ಗೆ ಬರುತ್ತದೆ. ನೂರಕ್ಕೆ ಒಂದು ಪಾಲು ಗಾಳಿ ಗುಳ್ಳೆಯಾಗಿ ಬೆರೆತರೂ ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ನೂರು ಚಿಲ್ಲರೆ ಮೀಟರಿಗೆ ಕುಸಿಯುತ್ತದೆ. ಬರೀ ಗಾಳಿಯಲ್ಲಿರುವುದಕ್ಕಿಂತಲೂ ಕಡಿಮೆ! ಗುಳ್ಳೆ ಮೆತ್ತಗೆ, ನೀರು ಭಾರ. ಎರಡರ ಅವಗುಣವೂ ಒಟ್ಟಿಗೆ ಸೇರಿದಂತೆ.

ಪಂಪಿನ ಸದ್ದು ಇದ್ದಕ್ಕಿದ್ದಂತೆ ಮಂಕಾಗಿ, ನೀರು ಹಾಲಿನಂತೆ ಬೆಳ್ಳಗೆ ಬರತೊಡಗಿದರೆ ಹೀರುವ ಪೈಪಿನಲ್ಲಿ ಎಲ್ಲೋ ಗಾಳಿ ನುಸುಳುತ್ತಿದೆ. ಮೋಟಾರು ಓಡುತ್ತಿರುವಾಗಲೇ ಒಂದೊಂದು ಜಾಯಿಂಟಿನ ಮೇಲೂ ಚೊಂಬಿನಿಂದ ನೀರು ಸುರಿಯಿರಿ, ವೈರಿನ ಕಡೆಗೆ ಚೆಲ್ಲದಂತೆ. ಯಾವ ಜಾಯಿಂಟಿನ ಮೇಲೆ ಸುರಿದಾಗ ಸದ್ದು ಒಂದು ಗಳಿಗೆ ಸರಿಹೋಗುತ್ತದೋ ಅದೇ ಕಳ್ಳ. ಹಾಲಿನಂಥ ನೀರಿಲ್ಲದೆ ಪಂಪಿನೊಳಗೆ ಜಲ್ಲಿಕಲ್ಲು ಅರೆದಂತೆ ಸದ್ದು ಬಂದರೆ ಅದು ಬೇರೆ ರೋಗ: ಹೀರುವ ಕಡೆ ನೀರು ಸಾಲದೆ, ಒತ್ತಡ ಕುಸಿದು, ನೀರೇ ಆವಿಯ ಗುಳ್ಳೆಯಾಗಿ ಮತ್ತೆ ಸಿಡಿಯುತ್ತಿದೆ. ಮೇಲೇರುವ ಪೈಪಿನ ವಾಲ್ವನ್ನು ಕಾಲು ಭಾಗ ಮುಚ್ಚಿ ನೋಡಿ. ಸದ್ದು ತಗ್ಗಿದರೆ ರೋಗ ಅದೇ. ಫುಟ್‌ವಾಲ್ವಿನ (ಹೀರುವ ಪೈಪಿನ ಬುಡದ ವಾಲ್ವು) ಜಾಲರಿ ಕಟ್ಟಿರುತ್ತದೆ, ಇಲ್ಲವೇ ಬಾವಿಯ ನೀರು ಇಳಿದಿರುತ್ತದೆ. ಹಾಗೆಯೇ ಓಡಿಸುತ್ತಾ ಹೋದರೆ ಇಂಪೆಲ್ಲರಿನ ಅಂಚು ಗೆದ್ದಲು ತಿಂದಂತಾಗುತ್ತದೆ.

ಕೊಳವೆಬಾವಿಯ ನೀರು ಎಷ್ಟು ಇಳಿದಿದೆ ಎಂದು ತಿಳಿಯಲು ಕಲ್ಲು ಹಾಕಬೇಡಿ. ಚಿತ್ರದುರ್ಗ, ಜಗಳೂರು ಕಡೆಯ ಆಳದ ಬಾವಿಗಳಲ್ಲಿ ಆ ಕಲ್ಲು ಪಂಪಿಗೂ ಕೊಳವೆಗೂ ನಡುವೆ ಸಿಕ್ಕಿದರೆ ಪಂಪು ಹೊರಗೆ ಬರುವುದೇ ಇಲ್ಲ. ಕೇಸಿಂಗಿನ (ಬಾವಿಯ ಮೇಲ್ಭಾಗಕ್ಕೆ ಇಳಿಸಿದ ಕೊಳವೆ) ಬಾಯಿಯ ಹತ್ತಿರ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ, ಎರಡು ಮರದ ತುಂಡುಗಳನ್ನು ಒಮ್ಮೆ ಜೋರಾಗಿ ಬಡಿಯಿರಿ. ಅಲೆಯ ಚಿತ್ರ ತೋರಿಸುವ ಆ್ಯಪಿನಲ್ಲಿ ಪೆಟ್ಟಿಗೂ ಪ್ರತಿಧ್ವನಿಗೂ ನಡುವಿನ ಸಮಯ ಅಳೆದು, 345ರಿಂದ ಗುಣಿಸಿ, ಎರಡರಿಂದ ಭಾಗಿಸಿ. 0.35 ಸೆಕೆಂಡು ಬಂದರೆ ನೀರು 60 ಮೀಟರ್, ಅಂದರೆ ಇನ್ನೂರು ಅಡಿ ಕೆಳಗಿದೆ. ಕೇಸಿಂಗ್ ಮುಗಿದು ಬಂಡೆ ಶುರುವಾಗುವಲ್ಲಿ ಒಂದು ಸಣ್ಣ ಸುಳ್ಳು ಪ್ರತಿಧ್ವನಿ ಬರಬಹುದು. ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಮಕ್ಕಳನ್ನು ದೂರವಿಡಿ, ಮುಗಿದ ಕೂಡಲೇ ಮುಚ್ಚಳ ಬಿಗಿಯಿರಿ.

ನೆಲದಡಿಯ ಸೋರಿಕೆ

ಸೋರುವ ಪೈಪು ಸುಯ್ಗುಡುತ್ತದೆ. ಊರೆಲ್ಲ ಮಲಗಿದ ಮೇಲೆ, ನಲ್ಲಿಗಳನ್ನೆಲ್ಲ ಮುಚ್ಚಿ, ಮೀಟರಿನ ಹತ್ತಿರದ ವಾಲ್ವಿಗೆ ಸ್ಕ್ರೂಡ್ರೈವರ್ ಇಟ್ಟರೆ ಜಿ.ಐ. ಪೈಪಿನಲ್ಲಿ ಹತ್ತಾರು ಮೀಟರ್ ಆಚೆಯ ಸೋರಿಕೆಯೂ ಕೇಳುತ್ತದೆ. ಪಿವಿಸಿ ಆ ತೆಳು ಸದ್ದನ್ನು ನಾಲ್ಕು ಹೆಜ್ಜೆಯಲ್ಲೇ ತಿಂದುಹಾಕುತ್ತದೆ. ಅಲ್ಲಿ ಪೈಪು ಹೋದ ಸಾಲಿನಲ್ಲೇ ಒಂದೊಂದು ಅಡಿಗೂ ನೆಲಕ್ಕೆ ಕಬ್ಬಿಣದ ಸರಳು ಊರಿ ಕೇಳಬೇಕು. ಸಡಿಲ ಕಪ್ಪು ಮಣ್ಣಾದರೆ ಕಷ್ಟ, ಮಣ್ಣಿನ ಕಣಗಳ ನಡುವಿನ ಗಾಳಿ ಸದ್ದನ್ನು ಬಿಡುವುದಿಲ್ಲ. ಗಟ್ಟಿ ಗೊರಚು ನೆಲವಾದರೆ ಪರವಾಗಿಲ್ಲ.

ಸಂಜೆ ಏಳರಿಂದ ಒಂಬತ್ತರವರೆಗೆ ತಗಡಿನ ಮಾಡು, ಬಿಸಿಲಿಗೆ ಮೈಯೊಡ್ಡಿದ ಪೈಪು ಅಲ್ಲೊಂದು ಇಲ್ಲೊಂದು ಟಿಕ್ ಎನ್ನುತ್ತಿದ್ದರೆ ಅದು ಹಗಲಿನಲ್ಲಿ ಹಿಗ್ಗಿದ್ದು ಕುಗ್ಗುವ ಸದ್ದು. ಅದಕ್ಕೆ ನನ್ನನ್ನು ಕರೆಯಬೇಡಿ.

ಹಾಕಿದ ರಬ್ಬರನ್ನು ವರ್ಷಕ್ಕೊಮ್ಮೆ ನೋಡಿ. ನಮ್ಮ ಕಡೆಯ ಬಿಸಿಲಿಗೆ ಬಯಲಲ್ಲಿರುವ ಟ್ಯೂಬಿನ ಪಟ್ಟಿ ಗಡುಸಾಗಿ ಸೀಳುಬಿಡುತ್ತದೆ. ಉಗುರು ಒತ್ತಿದಾಗ ಗುಳಿ ಬೀಳದಿದ್ದರೆ ಹೊಸದು ಸುತ್ತಿ. ಪಂಪಿನ ಹೋಸಿನ ಎರಡೂ ತುದಿಯ ಕ್ಲಿಪ್ಪನ್ನು ಅದೇ ದಿನ ಅರ್ಧ ಸುತ್ತು ಬಿಗಿಯಿರಿ.